ವಾಟ್ಸಾಪ್‌ಗೂ ಬೀಗ ಇದೆಯಲ್ಲ, ಸೇನೆಗೆ ಬೇರೆ ಫೋನ್ ಯಾಕೆ?

ತಾಲ್ಲೂಕು ಗುಮಾಸ್ತ:
ನಮ್ಮ ಸೇನೆ 'ಸಂಭವ್' ಅಂತ ತನ್ನದೇ ಫೋನ್ ಮಾಡಿಸಿಕೊಂಡಿದೆ. 2024ರ ಅಕ್ಟೋಬರ್‌ನಲ್ಲಿ ಚೀನಾ ಜೊತೆ ಮಾತುಕತೆ ನಡೆದಾಗ ಅದನ್ನೇ ಬಳಸಿದೆವು ಅಂತ ಆಗ ಸೇನಾ ಮುಖ್ಯಸ್ಥರಾಗಿದ್ದ ಜನರಲ್ ದ್ವಿವೇದಿಯವರೇ ಹೇಳಿದ್ದರು. ನನ್ನ ಅನುಮಾನ ಇಷ್ಟೇ. ವಾಟ್ಸಾಪ್ ಕೂಡ ಎನ್‌ಕ್ರಿಪ್ಟ್ ಆಗಿರುತ್ತೆ, ಅಂದರೆ ನಡುವೆ ಬೇರೆಯವರು ಓದದಂತೆ ಬೀಗ ಇರುತ್ತೆ ಅಲ್ವಾ? ನಮ್ಮ ಕಚೇರಿಯಲ್ಲಿ ಅರ್ಧ ಕಡತ ಓಡಾಡುವುದೇ ಅದರ ಗ್ರೂಪಿನಲ್ಲಿ.

ಮಾಜಿ ಸಿಗ್ನಲ್ಸ್, ಅರಸೀಕೆರೆ:
ಗುಮಾಸ್ತರೇ, ದಾರಿಗೆ ಬೀಗ ಇದೆ, ಮನೆಗಿಲ್ಲ. ಮೆಸೇಜು ದಾರಿಯಲ್ಲಿ ಭದ್ರವಾಗಿರುತ್ತೆ. ಆದರೆ ನಿಮ್ಮ ಫೋನಿನೊಳಗೇ ಪೆಗಾಸಸ್‌ನಂಥ ಗೂಢಚಾರ ಸಾಫ್ಟ್‌ವೇರ್ ಕೂತರೆ, ಅದು ನಿಮ್ಮ ಹೆಗಲ ಮೇಲಿಂದಲೇ ಓದುತ್ತೆ. ಸಂಭವ್‌ನಲ್ಲಿ ಫೋನೂ ಸೇನೆಯದೇ, ವಾಟ್ಸಾಪ್ ಬದಲಿಗಿರುವ ಎಂ-ಸಿಗ್ಮಾ ಅನ್ನೋ ಆ್ಯಪೂ ಸೇನೆಯದೇ.

ನಾನು ಸೇನೆಯ ಸಂಪರ್ಕ ದಳವಾದ ಸಿಗ್ನಲ್ಸ್‌ಗೆ ಸೇರಿ ಜಬಲ್ಪುರದಲ್ಲಿ ತರಬೇತಿ ಮುಗಿಸಿದವನು. ಬೆನ್ನಿಗೆ ಕೇಬಲ್ ಸುರುಳಿ ಕಟ್ಟಿಕೊಂಡು ಗುಡ್ಡ ಹತ್ತಿ ಲೈನ್ ಎಳೆದಿದ್ದೇನೆ. ಆಗ ಕಲಿತಿದ್ದು ಒಂದೇ: ಈ ತುದಿ ಎಷ್ಟೇ ಗಟ್ಟಿ ಇರಲಿ, ಆ ತುದಿಯಲ್ಲಿ ಯಾರು, ಏನು ಹಿಡಿದಿದ್ದಾರೆ ನೋಡು.

ಜರ್ಮನಿಯ ಚಾನ್ಸಲರ್ ಆಗಿದ್ದ ಮರ್ಕೆಲ್ ಕಥೆ ಕೇಳಿ. ಅವರ ಹತ್ತಿರ ಬ್ಲ್ಯಾಕ್‌ಬೆರಿ ಜೆಡ್10 ಫೋನ್ ಇತ್ತು. ಒಳಗೆ ಸೆಕ್ಯುಸ್ಮಾರ್ಟ್ ಕಂಪನಿಯ, ಉಗುರಿನಷ್ಟಗಲದ ಕಾರ್ಡು. ಮಾತನ್ನು ಗುಟ್ಟು ಮಾಡುವ ಕೆಲಸ ಅದರದ್ದು. ಆದರೆ ಅತ್ತ ಕಡೆಯವರ ಹತ್ತಿರವೂ ಅಂಥದ್ದೇ ಇರಬೇಕು. ಪಕ್ಷದ ಮಂದಿ ಹತ್ತಿರ ಎಲ್ಲಿರುತ್ತೆ? 2013ರಲ್ಲಿ ಅಮೆರಿಕದವರು ಕದ್ದು ಕೇಳುತ್ತಿದ್ದರು ಅಂತ ಗಲಾಟೆ ಎದ್ದಾಗ, ಕಿವಿ ಇಟ್ಟಿದ್ದು ಪಕ್ಷದ ಲೆಕ್ಕದ ಮಾಮೂಲಿ ಫೋನಿಗೆ ಅಂತ ವರದಿಯಾಯಿತು. ಭದ್ರವಾದದ್ದು ಒಂದು ಜೇಬಿನಲ್ಲಿ, ಸಲೀಸಾದದ್ದು ಇನ್ನೊಂದರಲ್ಲಿ. ಯಾರೇ ಆದರೂ ಕೈ ಹಾಕುವುದು ಸಲೀಸಾದದ್ದಕ್ಕೇ.

ಬಸವನಗುಡಿ ಕೋಡರ್:
ಸಾರ್ ಹೇಳಿದ್ದು ಸರಿ. 2025ರ ಮಾರ್ಚ್‌ನಲ್ಲಿ ಅಮೆರಿಕದಲ್ಲೇ ನೋಡಿದೆವಲ್ಲ. ಯೆಮನ್ ಮೇಲಿನ ದಾಳಿಯ ಬಗ್ಗೆ ಸರ್ಕಾರದ ದೊಡ್ಡವರ ಮಾತು, ವಾಟ್ಸಾಪ್‌ನಂಥದ್ದೇ ಆದ ಸಿಗ್ನಲ್ ಆ್ಯಪ್‌ನ ಗ್ರೂಪಿನಲ್ಲಿ. ಅದರ ಎನ್‌ಕ್ರಿಪ್ಷನ್‌ನಲ್ಲಿ ಒಂದು ಕೂದಲಿನಷ್ಟೂ ತಪ್ಪಿರಲಿಲ್ಲ. ಪತ್ರಿಕೆಯ ಸಂಪಾದಕರೊಬ್ಬರನ್ನು ಸುಮ್ನೆ ತಪ್ಪಾಗಿ ಗ್ರೂಪಿಗೆ ಸೇರಿಸಿಬಿಟ್ಟಿದ್ದರು, ಅಷ್ಟೇ!

ತಾಲ್ಲೂಕು ಗುಮಾಸ್ತ:
ಇದನ್ನು ಓದಿ ನಮ್ಮ ಗ್ರೂಪ್ ತೆಗೆದು ಎಣಿಸಿದೆ. 41 ಜನ. ಇಬ್ಬರು ವರ್ಗವಾಗಿ ಹೋಗಿ ಎರಡು ವರ್ಷ. ಒಬ್ಬರು ರಿಟೈರ್ ಆಗಿ ಮಗಳ ಮನೆ ಸೇರಿದ್ದಾರೆ. ಇನ್ನೊಂದು ನಂಬರ್ ಯಾರದ್ದು ಅಂತ ಯಾರಿಗೂ ಗೊತ್ತಿಲ್ಲ. ಡಿಪಿಯಲ್ಲಿ ತಿರುಪತಿ ತಿಮ್ಮಪ್ಪ ಇದ್ದಾನೆ.