3 ಟೆಸ್ಲಾದಲ್ಲಿ 2ಎಚ್‌ಜಿ: ಸಿಆರ್‌ಎಲ್‌ಬಿ ಶೇ 48 ಬಂದರೆ ಐಡಿಎಚ್ ಮ್ಯುಟೇಶನ್ ಇಲ್ಲವೆಂದೇ?

ಪ್ರಶ್ನೆ
ಎಲ್ಲರಿಗೂ ನಮಸ್ಕಾರ. 3 ಟೆಸ್ಲಾ ಎಂಆರ್‌ಐ ಯಂತ್ರದಲ್ಲಿ ಸ್ಪೆಕ್ಟ್ರೋಸ್ಕೋಪಿ (ಅಂಗಾಂಶದ ರಾಸಾಯನಿಕಗಳ ಅಳತೆ) ಮಾಡಿ, ಐಡಿಎಚ್ ಜೀನ್ ಮ್ಯುಟೇಶನ್ ಆದ ಗಡ್ಡೆಯಲ್ಲಿ ಸೇರುವ 2ಎಚ್‌ಜಿ (2-ಹೈಡ್ರಾಕ್ಸಿಗ್ಲುಟರೇಟ್) ಹುಡುಕುತ್ತಿದ್ದೇವೆ. ಫ್ರಂಟಲ್ ಗ್ಲಿಯೋಮಾ (ಮಿದುಳಿನ ಮುಂಭಾಗದ ಗಡ್ಡೆ), ಕಾಂಟ್ರಾಸ್ಟ್ ಹೀರುತ್ತಿಲ್ಲ, ಸರ್ಜರಿ ಇನ್ನೂ ಆಗಿಲ್ಲ. ಪ್ರೆಸ್ ಸೀಕ್ವೆನ್ಸ್, ಟಿಇ (ಎಕೋ ಸಮಯ) 30 ಮಿಲಿಸೆಕೆಂಡ್, ಟಿಆರ್ (ಒಂದು ಅಳತೆಯಿಂದ ಮುಂದಿನದಕ್ಕೆ ಇರುವ ಸಮಯ) 2000, 15 ಮಿ.ಮೀ. ವಾಕ್ಸೆಲ್ (ಅಳೆಯುವ ಘನ), 64 ಆವರೇಜ್ (ಅಳತೆಯ ಪುನರಾವರ್ತನೆ). ಎಲ್‌ಸಿ ಮಾಡೆಲ್ ಎಂಬ ಫಿಟ್ ಮಾಡುವ ಸಾಫ್ಟ್‌ವೇರ್‌ನಲ್ಲಿ 2ಎಚ್‌ಜಿಗೆ ಸಿಆರ್‌ಎಲ್‌ಬಿ (ಅಂದಾಜಿನಲ್ಲಿ ಇರಬಹುದಾದ ಕನಿಷ್ಠ ದೋಷ) ಶೇ 48. ರಿಪೋರ್ಟಿನಲ್ಲಿ ‘ವೈಲ್ಡ್‌ಟೈಪ್’ (ಮ್ಯುಟೇಶನ್ ಇಲ್ಲ) ಎಂದು ಬರೆಯಬಹುದೇ?

ಉತ್ತರ 1
ದಯವಿಟ್ಟು ಬರೆಯಬೇಡಿ. ಈ ಡೇಟಾ ನೋಡಿ ಇದೆ ಎನ್ನಲೂ ಆಗದು, ಇಲ್ಲ ಎನ್ನಲೂ ಆಗದು.

ಮ್ಯುಟೇಶನ್ ಆದ ಐಡಿಎಚ್ ಕಿಣ್ವ ಆಲ್ಫಾ ಕೀಟೋಗ್ಲುಟರೇಟನ್ನು 2ಎಚ್‌ಜಿ ಮಾಡುತ್ತದೆ. ಅದರ ಮುಖ್ಯ ಪೀಕ್ 2.25 ಪಿಪಿಎಂನಲ್ಲಿ (ಸ್ಪೆಕ್ಟ್ರಮ್‌ನ ಅಡ್ಡ ಅಕ್ಷದ ಅಳತೆ). ಟಿಇ 30ರಲ್ಲಿ ಅದೇ ಜಾಗಕ್ಕೆ ಗಾಬಾ, ಗ್ಲುಟಮೇಟ್, ಗ್ಲುಟಮಿನ್ ಒತ್ತಿಕೊಂಡು ಬರುತ್ತವೆ, ಕೆಳಗೆ ಮ್ಯಾಕ್ರೋಮಾಲಿಕ್ಯೂಲ್ (ದೊಡ್ಡ ಅಣುಗಳ ಅಗಲ ಸಿಗ್ನಲ್) ಬೇರೆ. ಹಾಗಾಗಿ ಡಲ್ಲಾಸ್‌ನ ಚೋಯ್ ತಂಡ 2012ರಲ್ಲಿ ತೋರಿಸಿದ ಟಿಇ 97 ಬಳಸಿ. ಒಟ್ಟು 97 ಇದ್ದರೆ ಸಾಲದು, ಎರಡು ಭಾಗವಾಗಿ ಟಿಇ1 32, ಟಿಇ2 65 ಎಂದೇ ಹಂಚಬೇಕು. ಯಂತ್ರ ತಾನಾಗಿ ಬೇರೆ ರೀತಿ ಹಂಚಿದರೆ ಜೆ-ಕಪ್ಲಿಂಗ್‌ನಿಂದ (ಅಕ್ಕಪಕ್ಕದ ಪ್ರೋಟಾನ್‌ಗಳ ಪರಸ್ಪರ ಪ್ರಭಾವ) ಪೀಕಿನ ಆಕಾರವೇ ಬದಲಾಗುತ್ತದೆ.

ವಾಕ್ಸೆಲ್ 20 ಮಿ.ಮೀ. ಮಾಡಿ. 15 ಮಿ.ಮೀ. ಘನವೆಂದರೆ 3.4 ಮಿ.ಲೀ., 20 ಎಂದರೆ 8 ಮಿ.ಲೀ. ಆ ಕೊರತೆಯನ್ನು ಆವರೇಜ್‌ನಿಂದಲೇ ತುಂಬುವುದಾದರೆ ಐದೂವರೆ ಪಟ್ಟು ಸಮಯ ಬೇಕು. 128 ಆವರೇಜ್‌ಗೆ 4 ನಿಮಿಷ 16 ಸೆಕೆಂಡ್. ರೋಗಿ ಅಷ್ಟು ಹೊತ್ತು ಅಲುಗಾಡದೆ ಮಲಗಬಲ್ಲರು. ನೆಕ್ರೋಸಿಸ್ (ಸತ್ತ ಅಂಗಾಂಶ), ರಕ್ತಸ್ರಾವ, ತಲೆಬುರುಡೆಯ ಅಂಚು ಒಳಗೆ ಬರಬಾರದು.

ಉತ್ತರ 2
ಮೇಲಿನವರು ಹೇಳಿದ್ದು ಸರಿ. ಆದರೆ ಹೆಚ್ಚು ಕೇಸ್ ಕೆಡುವುದು ಶಿಮ್‌ನಲ್ಲಿ, ಅಂದರೆ ಕಾಂತಕ್ಷೇತ್ರವನ್ನು ಸಮ ಮಾಡುವುದರಲ್ಲಿ. 2.25ಕ್ಕೂ ಗ್ಲುಟಮೇಟಿನ 2.35ಕ್ಕೂ 3 ಟೆಸ್ಲಾದಲ್ಲಿ ಇರುವ ಅಂತರ ಸುಮಾರು 13 ಹರ್ಟ್ಸ್ ಅಷ್ಟೇ. ನೀರಿನ ಲೈನ್‌ವಿಡ್ತ್ (ಪೀಕಿನ ಅಗಲ) 10 ಹರ್ಟ್ಸ್ ದಾಟಿದರೆ ಮುಂದುವರಿಯದೆ ಮತ್ತೆ ಶಿಮ್ ಮಾಡಿ.

ಇನ್ನೊಂದು, ಪಲ್ಸಿನ ಕೇಂದ್ರ ನೀರಿನ ಮೇಲೆ, ಅಂದರೆ 4.7ರಲ್ಲೇ ಇದ್ದರೆ 2ಎಚ್‌ಜಿ ಅದರಿಂದ 310 ಹರ್ಟ್ಸ್ ದೂರ. ರೀಫೋಕಸಿಂಗ್ ಪಲ್ಸಿನ ಬ್ಯಾಂಡ್‌ವಿಡ್ತ್ 1200 ಹರ್ಟ್ಸ್ ಆದರೆ, 20 ಮಿ.ಮೀ. ವಾಕ್ಸೆಲ್‌ನಲ್ಲಿ ನೀವು ಪರದೆ ಮೇಲೆ ಇಟ್ಟ ಚೌಕ ಒಂದು ಕಡೆ, ಸಿಗ್ನಲ್ ಬರುವ ಚೌಕ 5 ಮಿ.ಮೀ. ಆಚೆ! ಗಡ್ಡೆಯ ಅಂಚಿನಲ್ಲಿ ಇದು ದೊಡ್ಡ ತಪ್ಪು. ಕೇಂದ್ರವನ್ನು 2.3ರ ಹತ್ತಿರಕ್ಕೆ ಸರಿಸಿ. ಡಿಟಿಐ (ನರತಂತು ತೋರಿಸುವ ಸ್ಕ್ಯಾನ್) ಆದ ಕೂಡಲೇ ಇದನ್ನು ಹಾಕಬೇಡಿ. ಗ್ರೇಡಿಯೆಂಟ್ ಬಿಸಿಯಾಗಿ ಫ್ರೀಕ್ವೆನ್ಸಿ ಜಾರುತ್ತದೆ. ಆವರೇಜ್‌ಗಳನ್ನು ಬಿಡಿಬಿಡಿಯಾಗಿ ಸೇವ್ ಮಾಡಿದರೆ ಜಾರಿದ್ದನ್ನು ಆಮೇಲೆ ಸರಿಪಡಿಸಬಹುದು.

ಪ್ರಶ್ನೆ ಕೇಳಿದವರು
ತುಂಬಾ ಧನ್ಯವಾದ. ನಮ್ಮಲ್ಲಿ ಟಿಇ 97ರ ಬೇಸಿಸ್ ಸೆಟ್ (ಫಿಟ್‌ಗೆ ಬೇಕಾದ ಪ್ರತಿ ರಾಸಾಯನಿಕದ ಮಾದರಿ ಸ್ಪೆಕ್ಟ್ರಮ್) ಇಲ್ಲ, 144ರದ್ದು ಇದೆ. ಅದನ್ನೇ ಹಾಕಲೇ?

ಉತ್ತರ 1
ಬೇಡ. 144ರ ಆಕಾರವೇ ಬೇರೆ, ಫಿಟ್ ನೋಡಲು ಚೆನ್ನಾಗಿದ್ದರೂ ಅಂಕಿ ಸುಳ್ಳು. ಫಿಡ್-ಎ ಸಾಫ್ಟ್‌ವೇರ್‌ನಲ್ಲಿ 32/65 ಕೊಟ್ಟು, ನಿಮ್ಮ ಯಂತ್ರದ ಪಲ್ಸ್ ಆಕಾರ ಹಾಕಿ ಸಿಮ್ಯುಲೇಟ್ ಮಾಡಿ.

ಸಿಆರ್‌ಎಲ್‌ಬಿ ಶೇಕಡಾವಾರು ಲೆಕ್ಕ ಎಂಬುದನ್ನು ಮರೆಯಬೇಡಿ. 2ಎಚ್‌ಜಿ ಇಲ್ಲದ ಗಡ್ಡೆಯಲ್ಲಿ ಅದು ಏರಲೇಬೇಕು. ಮೊದಲು ಕೋಲೀನ್, ಕ್ರಿಯಾಟಿನ್ ಫಿಟ್ ನೋಡಿ: ಅವೂ ಕೆಟ್ಟಿದ್ದರೆ ‘ತೀರ್ಮಾನಿಸಲಾಗದು’ ಎಂದು ಬರೆಯಿರಿ, ಅವು ಚೆನ್ನಾಗಿದ್ದರೆ ‘2ಎಚ್‌ಜಿ ಕಂಡಿಲ್ಲ’ ಎಂದು. ‘ವೈಲ್ಡ್‌ಟೈಪ್’ ಎನ್ನುವುದು ಪೆಥಾಲಜಿಯವರ ಮಾತು. ಸ್ಪೆಕ್ಟ್ರಮ್‌ನಲ್ಲಿ 2ಎಚ್‌ಜಿ ಸ್ಪಷ್ಟವಾಗಿದ್ದು, ಆರ್132ಎಚ್ ಆಂಟಿಬಾಡಿ (ಐಡಿಎಚ್1ರ ಸಾಮಾನ್ಯ ಮ್ಯುಟೇಶನ್ ಹುಡುಕುವ ಪರೀಕ್ಷೆ) ನೆಗೆಟಿವ್ ಬಂದರೆ ಸೀಕ್ವೆನ್ಸಿಂಗ್ ಮಾಡಿಸಲು ಅವರಿಗೆ ಹೇಳಿ. ಐಡಿಎಚ್2 ಮ್ಯುಟೇಶನ್ ಆ ಆಂಟಿಬಾಡಿಗೆ ಸಿಗುವುದಿಲ್ಲ.