ಓದುಗರ ಸ್ಪಂದನ: ‘ನೀನು ಹೆಂಗದೀ’ ಅಂತ ಯಾರೂ ಕೇಳಲಿಲ್ಲ

(ಮದುವೆಯಾಗಿ ಒಂಬತ್ತು ವರ್ಷಕ್ಕೆ ಗಂಡ ತಾನು ಹೆಣ್ಣೆಂದು ಹೇಳಿಕೊಂಡಿದ್ದಾರೆ, ಅವರನ್ನು ಬಿಡಲು ಮನಸ್ಸಿಲ್ಲ, ಆದರೆ ನಾನೇ ಇಲ್ಲವಾಗುತ್ತಿದ್ದೇನೆ ಎಂದು ರಾಯಚೂರಿನ ಓದುಗರೊಬ್ಬರು ಕಳೆದ ಸಂಚಿಕೆಯಲ್ಲಿ ಬರೆದಿದ್ದರು.)

ತಂಗಿ, ನಮ್ಮ ಮನೆಯಲ್ಲಿ ಇದು ನಡೆದು ಐದು ವರ್ಷವಾಯಿತು. ಮೊದಲ ವರ್ಷವೆಲ್ಲ ನಾನು ಕಾವಲು ಕೂತಿದ್ದೆ. ಅವರ ಸೀರೆ ಯಾರ ಕಣ್ಣಿಗೂ ಬೀಳಬಾರದು, ಓಣಿಯವರಿಗೆ ಉತ್ತರ ನಾನೇ ಕೊಡಬೇಕು, ಡಾಕ್ಟರ ಮುಂದೆ ನಾನೇ ಬಾಯಿ ಬಿಡಬೇಕು. ಭತ್ತದ ಕೊಯ್ಲಿನ ಹೊತ್ತಿಗೆ ಒಂದು ದಿನ ಒಲೆಯ ಮುಂದೆ ಕೂತು ಅತ್ತುಬಿಟ್ಟೆ. ಮನುಷ್ಯ ಎದುರಿಗೇ ಇದ್ದಾರೆ, ಗಂಡ ಮಾತ್ರ ಇಲ್ಲ. ಇಂಥ ದುಃಖಕ್ಕೆ ಮಾತಾಡಿಸಲು ಯಾರು ಬರುತ್ತಾರೆ? ಅವರಿಗೇ ಹೇಳಿದೆ: ‘ನಿನ್ನ ಮ್ಯಾಲ ಸಿಟ್ಟಿಲ್ಲ. ಆದ್ರ ನನಗ ಅಳೂದೈತಿ, ಅಳಾಕ ಬಿಡು.’ ಅವರು ಬಿಟ್ಟರು. ಮೂಲೆ ಸೇರಿದ್ದ ಹೊಲಿಗೆ ಮಷಿನ್ ಮತ್ತೆ ತೆಗೆದೆ, ದುಡಿದದ್ದನ್ನು ನನ್ನ ಖಾತೆಗೇ ಹಾಕಿದೆ. ಹಾಸಿಗೆಯ ಮಾತು ಕೇಳಿದ್ದೀಯ. ನನಗೆ ಆ ಆಸೆ ಉಳಿಯಲಿಲ್ಲ, ಹೇಳಿದೆ. ಇಬ್ಬರಿಗೂ ನೋವಾಯಿತು. ಈಗ ಒಂದೇ ಮನೆ, ಬೇರೆ ಕೋಣೆ. ನಿನಗೆ ಬೇರೆಯೇ ದಾರಿ ಸರಿ ಅನ್ನಿಸಬಹುದು, ಅವಸರ ಮಾಡಬೇಡ.
– ಗಂಗಾವತಿಯ ಓದುಗರು

ನಾನು ನಿವೃತ್ತ ನರ್ಸ್. ನಿಮ್ಮ ಸಂಗಾತಿ ಅಂಗಡಿಯಿಂದ ತಾವೇ ಹಾರ್ಮೋನ್ ಮಾತ್ರೆ ತಂದು ನುಂಗುತ್ತಿದ್ದಾರೆಂದು ಬರೆದಿದ್ದೀರಿ. ದಯವಿಟ್ಟು ನಿಲ್ಲಿಸಿ, ಹಾರ್ಮೋನ್ ತಜ್ಞರನ್ನು ಕಾಣಲಿ. ಈಸ್ಟ್ರೋಜನ್‌ನಿಂದ ರಕ್ತ ಹೆಪ್ಪುಗಟ್ಟುವ ಅಪಾಯವಿದೆ. ಆಗಾಗ ರಕ್ತ ಪರೀಕ್ಷೆ ಬೇಕು. ಮಗು ಬೇಕೆಂಬ ಆಸೆ ನಿಮಗಿದ್ದರೆ ಅದನ್ನು ಈಗಲೇ ಕೇಳಿ. ಈ ಔಷಧಿ ಸಂತಾನಶಕ್ತಿಯನ್ನು ಕುಗ್ಗಿಸುತ್ತದೆ, ಅದು ಮರಳಿ ಬಂದೇ ಬರುತ್ತದೆ ಎನ್ನಲಾಗದು. ನಿಮಗೆ ನಿದ್ದೆಯಿಲ್ಲ ಎಂದಿದ್ದೀರಲ್ಲ, 14416ಕ್ಕೆ ಕರೆ ಮಾಡಿ. ಟೆಲಿ ಮಾನಸ್ ಅದು, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಕನ್ನಡದಲ್ಲೇ ಮಾತಾಡಬಹುದು. ಅವರಿಗಾಗಿ ಅಲ್ಲ, ನಿಮಗಾಗಿ ಮಾಡಿ.
– ಬಳ್ಳಾರಿಯ ಓದುಗರು

ನಿನ್ನ ಅತ್ತೆ ಅವರನ್ನು ಹುಲಿಗಿಯ ಹುಲಿಗೆಮ್ಮನ ಗುಡಿಗೆ ಕರೆದೊಯ್ದು ಮುತ್ತು ಕಟ್ಟಿಸೋಣ, ಅಂದರೆ ದೇವಿಗೆ ಬಿಡೋಣ ಅನ್ನುತ್ತಿದ್ದಾರಂತೆ. ಹುಲಿಗೆಮ್ಮ ನಮ್ಮ ಮನೆದೇವರು, ಹೀಗೆ ಮುತ್ತು ಕಟ್ಟಿಸಿಕೊಂಡು ಹೆಣ್ಣಾಗಿ ಬದುಕುವ ಜೋಗಪ್ಪಗಳ ಮೇಲೆ ನನಗೆ ಗೌರವವಿದೆ. ಅವರಲ್ಲೊಬ್ಬರಾದ ಜನಪದ ಕಲಾವಿದೆ ಮಂಜಮ್ಮ ಜೋಗತಿಯವರಿಗೆ 2021ರಲ್ಲಿ ಪದ್ಮಶ್ರೀ ಬಂದಾಗ ನಮ್ಮೂರಿಗೇ ಬಂದಷ್ಟು ಖುಷಿಪಟ್ಟವಳು ನಾನು. ಆದರೆ ಮುತ್ತು ಕಟ್ಟಿಸಿಕೊಂಡವರು ದೇವಿಗೆ ಮೀಸಲು ಅನ್ನುತ್ತದೆ ಜನ. ಸಂಸಾರ ನಿನ್ನದೂ ಹೌದಲ್ಲ, ಅತ್ತೆಯೊಬ್ಬರೇ ತೀರ್ಮಾನಿಸಲು ಹೇಗೆ ಸಾಧ್ಯ? ತಾನು ಯಾರೆಂದು ಹೇಳಿಕೊಳ್ಳುವ ಹಕ್ಕು ಆಯಾ ವ್ಯಕ್ತಿಯದೇ ಎಂದು ಸುಪ್ರೀಂ ಕೋರ್ಟ್ 2014ರಲ್ಲೇ ಹೇಳಿದೆ.
– ಕೊಪ್ಪಳದ ಓದುಗರು

ನಾನು ನಿಮ್ಮ ಸಂಗಾತಿಯ ಜಾಗದಲ್ಲಿ ಇದ್ದವಳು. ಹೆಂಡತಿ ನನ್ನ ಹೊಸ ಹೆಸರು ಕರೆಯಲು ಕಲಿತಳು, ಕುಪ್ಪಸ ಹೊಲಿದುಕೊಟ್ಟಳು. ಅವಳಿಗೆ ಏನು ಬೇಕೆಂದು ನಾನು ಮೂರು ವರ್ಷದಲ್ಲಿ ಒಮ್ಮೆಯೂ ಕೇಳಲಿಲ್ಲ. ಅಷ್ಟು ನನ್ನಲ್ಲೇ ಮುಳುಗಿದ್ದೆ. ಹೇಳದೆ ಕೇಳದೆ ತವರಿಗೆ ಹೋದಳು. ಈ ಪುಟವನ್ನು ಅವರ ಕೈಗೆ ಕೊಡಿ, ನನ್ನ ಪತ್ರವನ್ನೇ ಮೊದಲು ಓದಲಿ.
– ಮಾನ್ವಿಯ ಓದುಗರು