ಕಾರು ಹತ್ತಿದ ಸೈಕಲ್ಲು

"ಇನ್ಮೇಲೆ ಕಾರು ಬಿಟ್ಟೆ ಕಣ್ರಪ್ಪಾ" ಎನ್ನುತ್ತಾ ಸೀನ ಕಾರಿನಿಂದ ಇಳಿದ.

ಕಾರಿನ ಬೆನ್ನಿಗೆ ಹೊಸ ಸೈಕಲ್ಲೊಂದನ್ನು ಬಿಗಿದು ಕಟ್ಟಿದ್ದ.

"ಬಿಟ್ಟೆ ಅಂತೀಯ, ಅದರಲ್ಲೇ ಬಂದೆಯಲ್ಲ?" ಎಂದರು ರಾಯರು.

"ಸೈಕಲ್ ಟ್ರ್ಯಾಕ್ ತನಕ ಕಾರು ಬೇಡ್ವಾ? ರಸ್ತೆಯಲ್ಲಿ ಕಾರುಗಳ ಕಾಟ."

"ಈ ವಾರ ಅದನ್ನು ಎಷ್ಟು ತುಳಿದೆ?" ಎಂದೆ ನಾನು.

"ನಾಲ್ಕು ಕಿಲೋಮೀಟರ್."

"ಹೊತ್ತು ತಿರುಗಿದ್ದು?"

"ಅರವತ್ತಾದರೂ ಆಗಿರಬೇಕು."

"ಪುಣ್ಯ ಮಾಡಿದ ಸೈಕಲ್ಲು! ಸವಾರಿ ನಿನ್ನದಲ್ಲ ಮಾರಾಯ, ಅದರದು."

ಈ ಗೀಳು ಕಂಡರೆ ನನಗೆ ಮೈಯುರಿ. ಹೆಲ್ಮೆಟ್ಟು, ಕೈಗವಸು, ಎದೆಬಡಿತ ಎಣಿಸುವ ಗಡಿಯಾರ, ಎಲ್ಲ ಇದೆ. ಬೀದಿ ತುದಿಯಿಂದ ಬೆಂಕಿಪೊಟ್ಟಣ ತರಬೇಕೆಂದರೆ ಮಾತ್ರ ಸಾವಿರ ಕಿಲೋ ಕಬ್ಬಿಣವೇ ಹೊರಡಬೇಕು.

"ರಸ್ತೆ ಅಗಲ ಮಾಡಿದರೆ ಎಲ್ಲ ಸರಿಹೋಗುತ್ತೆ" ಎಂದರು ರಾಯರು.

"ಚಾಪೆ ಉದ್ದ ಹಾಸಿದಷ್ಟೂ ನೆಂಟರು ಜಾಸ್ತಿ ರಾಯರೇ. ಮನೆಯಲ್ಲಿ ಸುಮ್ನೆ ನಿಂತಿದ್ದ ಕಾರೂ ಹೊರಗೆ ಬರುತ್ತೆ."

ವೆಂಕಿ ಬಾಯಿ ಹಾಕಿದ. "ನೆದರ್ಲೆಂಡ್ಸಿನ ಡಚ್ಚರ ಕಥೆ ಬೇರೆ. ಅವರಿಗೆ ಸೈಕಲ್ಲು ರಕ್ತದಲ್ಲೇ ಇದೆ."

"ರಕ್ತ ರಸ್ತೆ ಮೇಲಿತ್ತು ಕಣೋ. ಅಲ್ಲೂ ಕಾರು ತುಂಬಿಕೊಂಡಿತ್ತು. 1971ರಲ್ಲಿ 400ಕ್ಕೂ ಹೆಚ್ಚು ಮಕ್ಕಳು ರಸ್ತೆಯಲ್ಲಿ ಸತ್ತರು. ಮಕ್ಕಳ ಕೊಲೆ ನಿಲ್ಲಿಸಿ ಅಂತ ಅಪ್ಪ ಅಮ್ಮಂದಿರು ಬೀದಿಗಿಳಿದರು. 1973ರಲ್ಲಿ ಪೆಟ್ರೋಲಿಗೆ ಬರ ಬಂದು ಕೆಲವು ಭಾನುವಾರ ಕಾರನ್ನೇ ನಿಲ್ಲಿಸಿದರು. ಸೈಕಲ್ಲಿಗೆ ಮತ್ತೆ ಜಾಗ ಸಿಕ್ಕಿದ್ದು ಹಾಗೆ."

ಯಾರೂ ಮಾತಾಡಲಿಲ್ಲ. ನಾನೇ ಮುಂದುವರಿಸಿದೆ. ಹತ್ತಿದ ಮೇಲೆ ಇಳಿಯುವುದು ನನಗೂ ಕಷ್ಟ. "ಸ್ಪೇನಿನ ಪೊಂಟೆವೆಡ್ರಾದಲ್ಲಿ 1999ರಿಂದ ಊರ ನಡುವಿನ ಕಾರುಗಳನ್ನು ಹೊರಗಟ್ಟುತ್ತಾ ಬಂದರು. ಅಲ್ಲಿ ಮಕ್ಕಳು ತಾವೇ ನಡೆದು ಶಾಲೆಗೆ ಹೋಗ್ತಾರೆ."

"ನಾನೂ ಅಪ್ಪನ ಸೈಕಲ್ಲಲ್ಲಿ ಶಾಲೆಗೆ ಹೋಗ್ತಿದ್ದೆ" ಎಂದ ಸೀನ, ಮೆಲ್ಲಗೆ. "ಸೀಟು ಎಟುಕುತ್ತಿರಲಿಲ್ಲ. ಒಳಪೆಡಲ್ಲು."

"ನಿನ್ನ ಮಗ?"

"ಕಾರಲ್ಲಿ ಬಿಡ್ತೀನಿ. ಶಾಲೆ ಮುಂದೆ ಆ ಟ್ರಾಫಿಕ್ಕಿನಲ್ಲಿ ನಡೆಸೋಕೆ ಭಯ."

"ಟ್ರಾಫಿಕ್ಕು ಯಾರದು?"

"ಮಕ್ಕಳನ್ನ ಬಿಡೋಕೆ ಬಂದವರದು" ಎಂದು ನಗಲು ನೋಡಿದ. ಆಗಲಿಲ್ಲ.

ಕತ್ತಲಾಗಿತ್ತು. "ಬನ್ನಿ ರಾಯರೇ, ಮನೆ ತನಕ ಬಿಡ್ತೀನಿ."

"ಸೈಕಲ್ಲಲ್ಲಾ?"

"ಇದಕ್ಕೆ ಕ್ಯಾರಿಯರ್ ಇರಲ್ಲ."

ರಾಯರು ಹ್ಯಾಂಡಲ್ಲನ್ನು ಕತ್ತಲಲ್ಲೇ ತಡಕಿದರು. ಬೆಲ್ಲೂ ಇರಲಿಲ್ಲ.